ಅಕ್ಕೋರ ಎದೆಯೊಳಗಿನ ಬಾಗಿಲು

ಮೊನ್ನೆ ಒಣದ್ರಾಕ್ಷಿಯ ಶೆಡ್ಡಿನ ಕಡೆ ಹೋದಾಗ ಬಾಗಿಲಲ್ಲೇ ಒಂದು ವಾಸನೆ ಎದುರಾಯಿತು. ಕೆಲಸಕ್ಕೆ ಬರುವ ಹೆಣ್ಣುಮಗಳೊಬ್ಬಳು ಕಾಲು ಉಳುಕಿಸಿಕೊಂಡಿದ್ದಳು. ಮೂರು ಕಲ್ಲಿನ ಒಲೆಯ ಮೇಲೆ ಹಂಚು ಇಟ್ಟು, ಔಡಲ ಎಣ್ಣೆ ಸವರಿದ ಎಕ್ಕೆ ಎಲೆಯನ್ನು ಬಾಡಿಸುತ್ತಿದ್ದಳು. ಸ್ವಲ್ಪ ಕಹಿ, ಸ್ವಲ್ಪ ಜಿಡ್ಡು, ಹಸಿ ಎಲೆ ಸುಡುವ ಆ ವಾಸನೆ... ಉಳುಕಿದ ಕಾಲಿಗೆ ಎಕ್ಕೆ ಎಲೆ ಕಟ್ಟಿದರೆ ನನ್ನದೇನೂ ತಕರಾರಿಲ್ಲ. ಆದರೂ ಅಲ್ಲಿ ನಿಲ್ಲಲಾಗದೆ ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕೂತೆ. ವಾಸನೆಯ ಹಿಂದೆಯೇ ಅಕ್ಕೋರು ನೆನಪಾದರು.

ಈಗ ನನ್ನದು ಐಗಳಿ, ಮದುವೆಯಾಗಿ ಬಂದ ಊರು, ದ್ರಾಕ್ಷಿಯ ಊರು. ಹುಟ್ಟಿ ಬೆಳೆದದ್ದು ಭೋಜದಲ್ಲಿ, ಹೊಳೆದಂಡೆಯ ಕಬ್ಬಿನ ನಡುವೆ. ಅಲ್ಲಿನ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದವರು ಅವರು. ನಮ್ಮ ಕಡೆ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎಂದೇ ಕರೆಯುತ್ತೇವೆ. ಶಾಲೆಯಲ್ಲಿ ಇನ್ನೂ ಇಬ್ಬರು ಇದ್ದರೂ, ಬರೀ ಅಕ್ಕೋರು ಅಂದರೆ ಊರಿಗೆಲ್ಲ ಇವರೇ.

ಸಣ್ಣ ಆಳು, ದೊಡ್ಡ ಧ್ವನಿ. ಬೈಯುವುದರಲ್ಲಿ ಎತ್ತಿದ ಕೈ. ಹೋಮ್‌ವರ್ಕ್ ಮಾಡದೆ ಬಂದವನನ್ನು ಎಬ್ಬಿಸಿ ನಿಲ್ಲಿಸಿ, "ಏನ್ರಿ ಸಾವಕಾರ, ಇವತ್ತೂ ಪೆನ್ನಿಗೆ ಸೂಟಿ ಕೊಟ್ಟೀರೇನು?" ಎಂದು ಕೇಳುತ್ತಿದ್ದರು. ಅವನು ನಾಚಿ ಸಾಯಬೇಕು. ಸುಡು ಬೇಸಿಗೆಯಲ್ಲೂ ಕುತ್ತಿಗೆ ಮುಚ್ಚುವ ಕುಪ್ಪಸ ತೊಡುತ್ತಿದ್ದರು. ಅವರ ಬಗ್ಗೆ ಇನ್ನೊಂದು ವಿಚಿತ್ರವಿತ್ತು. ಪರೀಕ್ಷೆಯ ಹೊತ್ತಿನಲ್ಲಿ ಕೋಣೆಯೆಲ್ಲ ನಿಶ್ಶಬ್ದವಾದಾಗ, ಅವರು ಬೆಂಚುಗಳ ನಡುವೆ ಹಾದು ಹೋದರೆ ಟಿಕ್ ಟಿಕ್ ಎಂದು ಸಣ್ಣಗೆ ಕೇಳುತ್ತಿತ್ತು. ಕೈಗಡಿಯಾರ ಇರಬೇಕು ಅಂದುಕೊಂಡಿದ್ದೆವು. ಅವರು ಕೈಗಡಿಯಾರ ಕಟ್ಟುತ್ತಲೇ ಇರಲಿಲ್ಲ ಎಂಬುದು ನಮ್ಮ ಗಮನಕ್ಕೆ ಬಂದದ್ದು ಬಹಳ ತಡವಾಗಿ.

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಗಂಟಲು ನೋವು, ಜ್ವರ ಬಂತು. ಉಪ್ಪುನೀರು ಮುಕ್ಕಳಿಸಿ ಮರೆತೆವು. ಕೆಲವು ವಾರ ಕಳೆದ ಮೇಲೆ ಬಲ ಮೊಣಕಾಲು ಬಾತು ಕೆಂಪಾಯಿತು. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಹೊಲದ ಬದುವಿನಿಂದ ಎಕ್ಕೆ ಎಲೆ ತಂದು ಬಾಡಿಸಿ ಕಟ್ಟಿದಳು. ಎರಡು ದಿನಕ್ಕೆ ಮೊಣಕಾಲು ಇಳಿಯಿತು, ಎಡಗಾಲಿನ ಹರಡು ಬಾತಿತು. ಆಯಿ ಅಲ್ಲಿ ಕಟ್ಟಿದಳು. ನೋವು ಮುಂಗೈಗೆ ಹಾರಿತು. ಆಯಿ ಅಲ್ಲಿಗೂ ಎಲೆ ತೆಗೆದುಕೊಂಡು ಹೋದಳು. ಹೀಗೆ ಅದು ಮುಂದೆ, ಇವಳು ಹಿಂದೆ.

"ನೋಡ, ಎಕ್ಕಿ ಎಲಿಗೆ ಅಂಜಿ ಹ್ಯಾಂಗ ಓಡಾಕತ್ತೈತಿ!" ಎಂದು ಓಣಿಯವರಿಗೆಲ್ಲ ಹೇಳಿಕೊಂಡು ಬಂದಳು. ಒಂದು ದಿನ ನೋವು ಪೂರ್ತಿ ಹೋಯಿತು. ಆಯಿಯ ಹೆಸರು ಮೇಲಿನ ಓಣಿಗೂ ಮುಟ್ಟಿತು. ಮೈಕೈ ನೋವಿನವರೆಲ್ಲ ನಮ್ಮ ಕಟ್ಟೆಗೆ ಬಂದು ಕೂಡತೊಡಗಿದರು.

ನಾನು ಶಾಲೆಗೆ ಮರಳಿದೆ. ಆದರೆ ಮೆಟ್ಟಿಲು ಹತ್ತಿದರೆ ಏದುಸಿರು. ಪ್ರಾರ್ಥನೆಯ ಸಾಲಿನಲ್ಲಿ ನಿಂತರೆ ಎದೆ ಬಡಿದುಕೊಳ್ಳುವುದು ನನಗೇ ಕೇಳುತ್ತಿತ್ತು. ಒಂದು ದಿನ ಅಕ್ಕೋರು ಪಾಠ ನಿಲ್ಲಿಸಿ ನನ್ನನ್ನೇ ನೋಡಿದರು. ಊಟದ ಬಿಡುವಿನಲ್ಲಿ ಕರೆದರು.

"ಕೀಲನೋವು ಒಂದ ಕಡೆ ನಿಂತಿತ್ತೋ, ಜಾಗಾ ಬದಲಸ್ತಿತ್ತೋ?"

"ಬದಲಸ್ತಿತ್ರಿ."

"ಅದಕ್ಕಿಂತ ಮೊದಲ ಗಂಟಲ ಬಂದಿತ್ತೇನ?"

ಹೌದ್ರಿ ಎಂದೆ. ಅವರ ಮುಖ ಬಿಳಿಚಿಕೊಂಡಿತು. ಅಂದು ಸಂಜೆಯೇ ನಮ್ಮ ಮನೆಗೆ ಬಂದರು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಅಕ್ಕೋರು ಬೌದ್ಧರು, ಕಾಗವಾಡದ ಕಡೆಯ ಕೂಲಿ ಮಾಡುವವರ ಮನೆಯ ಮಗಳು. ಬೌದ್ಧರಾದರೂ ಊರು ಅವರ ಹಳೆಯ ಕೇರಿಯನ್ನು ಮರೆತಿರಲಿಲ್ಲ. ನಮ್ಮ ಆಯಿಯಂತೂ ಮರೆಯುವ ಪೈಕಿ ಅಲ್ಲವೇ ಅಲ್ಲ. ಅಕ್ಕೋರನ್ನು ಬರ್ರಿ ಅಕ್ಕೋರ ಎಂದು ಬಾಯಿತುಂಬ ಕರೆದು ಹೊರಗಿನ ಕಟ್ಟೆಯ ಮೇಲೆ ಕೂಡಿಸಿದಳು. ಚಹಾಕ್ಕೆ ಬೇರೆ ಕಪ್ಪು ಬಂತು. "ಈಗ ಕುಡದ ಬಂದೇನ್ರಿ" ಎಂದು ಅವರು ನಕ್ಕು ಕಪ್ಪನ್ನು ಸರಿಸಿದರು. ಮುಂದೆ ಎಷ್ಟು ವರ್ಷ ನಮ್ಮಲ್ಲಿಗೆ ಬಂದು ಹೋದರೂ ಒಮ್ಮೆಯೂ ಅವರು ನಮ್ಮ ಮನೆಯ ಚಹಾ ಕುಡಿಯಲಿಲ್ಲ. ಬರುವುದನ್ನು ಮಾತ್ರ ಬಿಡಲಿಲ್ಲ.

ಅವರ ಒತ್ತಾಯಕ್ಕೆ ಅಪ್ಪ ನನ್ನನ್ನು ಮೀರಜಿಗೆ ಕರೆದೊಯ್ದ. ಅಲ್ಲಿನ ಡಾಕ್ಟರು ಎದೆಗೆ ಮಷೀನು ಹಚ್ಚಿ ನೋಡಿ, ಈ ಜ್ವರ ಕೀಲುಗಳನ್ನು ಬಿಟ್ಟು ಹೃದಯಕ್ಕೆ ಬಂದಿದೆ ಎಂದರು. ಎಡಬದಿಯ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವಿನ ಕವಾಟದ ಅಂಚು ಊದಿಕೊಂಡು ಸ್ವಲ್ಪ ಸೋರುತ್ತಿದೆ. ಸದ್ಯಕ್ಕೆ ಭಯವಿಲ್ಲ. ಆದರೆ ಗಂಟಲು ಕೆಟ್ಟು ಇದೇ ಜ್ವರ ಮತ್ತೆ ಮರುಕಳಿಸಿದರೆ ಪ್ರತಿ ಸಲವೂ ಕವಾಟ ಇನ್ನಷ್ಟು ಹಾಳಾಗುತ್ತದೆ. ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ. ಎಷ್ಟು ವರ್ಷ ಎಂದು ಅಪ್ಪ ಕೇಳಿದ. ನಾವು ಸಾಕು ಅನ್ನುವತನಕ ಎಂದರು ಡಾಕ್ಟರು. ಮನೆಯಲ್ಲಿ ಲೆಕ್ಕ ಸುಲಭವಿರಲೆಂದು ಅದು ಮೂರನೇ ಸಂತೆಯ ಸೂಜಿ ಆಯಿತು. ಎರಡು ಸಂತೆ ಬಿಟ್ಟು ಮೂರನೇ ಸಂತೆಯ ದಿನ ನಿಪ್ಪಾಣಿಗೆ ಹೋಗುವುದು.

ಕವಾಟ ಅಂದರೇನು ಅಂತ ನನಗಾಗ ಗೊತ್ತಿರಲಿಲ್ಲ. ಅಕ್ಕೋರು ಅದನ್ನು ಇಡೀ ವರ್ಗಕ್ಕೇ ಕಲಿಸಿದರು. ಹೊಳೆಯ ನೀರೆತ್ತುವ ನಮ್ಮ ಮೋಟರಿನ ಹಳೆಯ ಫುಟ್‌ವಾಲ್ವ್ ಒಂದು ಕೊಟ್ಟಿಗೆಯಲ್ಲಿ ಬಿದ್ದಿತ್ತು, ತರಲು ಹೇಳಿದರು. ಪೈಪಿನ ತುದಿಗೆ ಕೂಡುವ ಕಬ್ಬಿಣದ ಬುಟ್ಟಿ ಅದು, ಒಳಗೊಂದು ತೊಗಲಿನ ಮುಚ್ಚಳ. ಮೋಟರು ಎಳೆದಾಗ ಮುಚ್ಚಳ ತೆರೆದು ನೀರು ಮೇಲೇರುತ್ತದೆ. ಮೋಟರು ನಿಂತಾಗ ಮುಚ್ಚಿಕೊಂಡು ಪೈಪಿನಲ್ಲಿದ್ದ ನೀರನ್ನು ಹೊಳೆಗೆ ಬಿಡದೆ ಹಿಡಿಯುತ್ತದೆ. ಕಬ್ಬಿನವರ ಮಕ್ಕಳಾದ ನಮಗೆ ಇದೇನು ಹೊಸದಲ್ಲ. ಅಕ್ಕೋರು ಅದರ ಮೇಲಿನಿಂದ ನೀರು ಹೊಯ್ದರು, ನಿಂತಿತು. ಆಮೇಲೆ ಮುಚ್ಚಳದ ಅಂಚಿಗೆ ಕಬ್ಬಿನ ರವದಿಯ, ಅಂದರೆ ಒಣಗರಿಯ, ಒಂದು ಎಸಳು ಸಿಕ್ಕಿಸಿ ಮತ್ತೆ ಹೊಯ್ದರು. ಟೇಬಲ್ಲಿನ ಮೇಲೆ ತೊಟ್ಟಿಕ್ಕತೊಡಗಿತು. ನನ್ನ ಕಡೆ ಅವರು ನೋಡಲಿಲ್ಲ. ನಾನು ಮಾತ್ರ ಆ ತೊಟ್ಟುಗಳನ್ನೇ ನೋಡುತ್ತಿದ್ದೆ.

ಹೃದಯದಲ್ಲಿ ಇಂಥವು ನಾಲ್ಕು ಎಂದರು. ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಇಳಿಯುವಲ್ಲಿ ಎರಡು. ಕೆಳಗಿನವುಗಳಿಂದ ಶ್ವಾಸಕೋಶಕ್ಕೂ ಮೈಗೂ ಹೊರಡುವಲ್ಲಿ ಇನ್ನೆರಡು. ಕೋಣೆಗಳ ನಡುವಿನ ಬಾಗಿಲುಗಳ ಅಂಚಿಗೆ ತೆಳುವಾದ ದಾರಗಳಿರುತ್ತವೆ, ಅವು ಕೆಳಗಿನ ಗೋಡೆಗೆ ಬಿಗಿದಿರುತ್ತವೆ, ಬಾಗಿಲು ಹಿಂದಕ್ಕೆ ಮಗುಚಿ ಬೀಳದಂತೆ. ನಾವು ಎದೆಗೆ ಕಿವಿ ಇಟ್ಟು ಕೇಳುವ ಲಬ್ ಡಬ್ ಸದ್ದು ಆ ಬಾಗಿಲುಗಳು ಮುಚ್ಚುವ ಸದ್ದು. ತೆರೆಯುವಾಗ ಸದ್ದೇ ಇಲ್ಲ. ಹೀಗೆ ಹೇಳುತ್ತ ಹೋಗಿ ಒಮ್ಮೆಲೇ ಕೇಳಿದರು, "ಹಂಗಾರ ಈ ಬಾಗಲಾ ಹಾಕವ್ರು ಯಾರು?"

ಒಬ್ಬ ಮೆದುಳು ಅಂದ, ಒಬ್ಬ ನರ ಅಂದ. ದೇವರು ಅಂತಲೂ ಒಬ್ಬಳು ಅಂದಳು.

"ಯಾರೂ ಇಲ್ಲ. ಮುಂದ ಹೋದ ರಕ್ತ ತಿರಗಿ ಹಿಂದ ಬರಾಕ ನೋಡತೈತಿ. ಅದು ತಿರಗೋ ನೂಕಿಗೇ ಬಾಗಲಾ ಮುಚ್ಚತೈತಿ."

ಈ ಮಾತು ನನ್ನ ತಲೆಯಲ್ಲಿ ಇಂದಿಗೂ ಇದೆ. ಕಾವಲುಗಾರನಿಲ್ಲ, ಕೀಲಿಯಿಲ್ಲ. ಹಿಂದೆ ಬರಲು ಹೊರಟದ್ದೇ ತನ್ನ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಮುಂದೆ ಹೋಗುವುದೊಂದೇ ಉಳಿಯುತ್ತದೆ. ಹೃದಯ ಇಷ್ಟು ಸರಳವಾಗಿರಬಹುದು ಅಂತ ನಾನು ಎಣಿಸಿರಲಿಲ್ಲ. ಇಷ್ಟು ಸರಳವಾದದ್ದು ಒಂದು ಗಂಟಲು ನೋವಿನಿಂದ ಕೆಟ್ಟು ಹೋಗಬಹುದು ಅಂತಲೂ ಎಣಿಸಿರಲಿಲ್ಲ.

ಹಿಂದಿನ ಬೆಂಚಿನಿಂದ ಯಾರೋ ಕೇಳಿದರು, "ಕೆಟ್ಟ್ರ ಬದಲಿ ಹಾಕಾಕ ಬರತೈತೇನ್ರಿ ಅಕ್ಕೋರ?"

"ಬರತೈತಿ. ಎಲ್ಲಾರೂ ಉಸರ ಹಿಡದು ಸುಮ್ಮ ಕುಂದರ್ರಿ," ಎಂದರು.

ಕೂತೆವು. ಟಿಕ್... ಟಿಕ್... ಟಿಕ್. ಅವರು ಎದೆಯ ಮೇಲೆ ಕೈ ಇಟ್ಟುಕೊಂಡಿದ್ದರು. ಲೋಹದ್ದು, ಎಂದಷ್ಟೇ ಹೇಳಿ ಫಲಕ ಒರೆಸತೊಡಗಿದರು.

ಅಪ್ಪನಿಗೆ ಕಬ್ಬಿನ ಕಟಾವು, ಅವ್ವನಿಗೆ ಮನೆ. ಹಾಗಾಗಿ ಮೂರನೇ ಸಂತೆಗೆ ನನ್ನನ್ನು ಕರೆದುಕೊಂಡು ಹೋಗುವವರು ಅಕ್ಕೋರೇ ಆದರು. ಅವರಿಗೂ ನಿಪ್ಪಾಣಿಯಲ್ಲಿ ರಕ್ತ ಪರೀಕ್ಷೆ ಇರುತ್ತಿತ್ತು. ಲೋಹದ ಕವಾಟಕ್ಕೆ ರಕ್ತ ಹೆಪ್ಪುಗಟ್ಟಿ ಅಂಟಬಾರದೆಂದು ದಿನವೂ ಒಂದು ಗುಳಿಗೆ ನುಂಗುತ್ತಿದ್ದರು. ಅದು ಹೆಚ್ಚಾಗಲೂಬಾರದು, ಕಡಿಮೆಯಾಗಲೂಬಾರದು. ಸೂಜಿಯ ಔಷಧ ಹಾಲಿನಂತೆ ಬೆಳ್ಳಗೆ, ಗಟ್ಟಿ. ಸೂಜಿಯೂ ದಪ್ಪ. ಚುಚ್ಚಿದ ಮೇಲೆ ಸಂಜೆಯವರೆಗೂ ಕೂಡುವ ಹಾಗಿಲ್ಲ. ಬಸ್ಸಿನಲ್ಲಿ ನಾನು ಕಂಬ ಹಿಡಿದು ನಿಂತರೆ ಅಕ್ಕೋರೂ ಪಕ್ಕದಲ್ಲಿ ನಿಲ್ಲುತ್ತಿದ್ದರು. ಸೀಟು ಐತಲ್ರಿ ಎಂದರೆ, "ಕುಂತು ಕುಂತು ಬ್ಯಾಸರಾಗೇತಿ" ಎನ್ನುತ್ತಿದ್ದರು. ಎದೆ ಸೀಳಿಸಿಕೊಂಡಿದ್ದ ಹೆಂಗಸು ಭೋಜದವರೆಗೂ ನಿಂತೇ ಬರುತ್ತಿದ್ದರು.

ಅಂಥ ಒಂದು ದಿನ ನಿಪ್ಪಾಣಿಯ ಬಸ್ ಸ್ಟ್ಯಾಂಡಿನಲ್ಲಿ, ಗಾಳಿಯಲ್ಲಿ ತಂಬಾಕಿನ ಘಾಟು ಬರುತ್ತಿರುವಾಗ, ತಮ್ಮ ಕಥೆ ಹೇಳಿದರು. ಅವರಿಗೂ ಚಿಕ್ಕಂದಿನಲ್ಲಿ ಇದೇ ಗಂಟಲು, ಇದೇ ಹಾರಾಡುವ ನೋವು. ಅವರ ಅವ್ವನೂ ಎಕ್ಕೆ ಎಲೆಯನ್ನೇ ಕಟ್ಟಿದ್ದು. ಈ ನೋವು ತಾನಾಗಿ ಬಂದು ಕೆಲವು ವಾರಕ್ಕೆ ತಾನಾಗಿ ಹೋಗುವಂಥದ್ದು. ಎಲೆ ಕಟ್ಟಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ಹೋದದ್ದನ್ನು ಕಂಡು ಎಲ್ಲರೂ ಗುಣವಾಯಿತು ಅಂದುಕೊಂಡರು. ಒಳಗೆ ಕವಾಟದ ಅಂಚುಗಳು ದಪ್ಪವಾಗಿ ಒಂದಕ್ಕೊಂದು ಅಂಟುತ್ತ ಹೋದವು, ಪೂರ್ತಿ ತೆರೆಯಲೂ ಆಗದೆ ಪೂರ್ತಿ ಮುಚ್ಚಲೂ ಆಗದೆ. ಕಾಲೇಜಿಗೆ ಬರುವಷ್ಟರಲ್ಲಿ ಅವರಿಗೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಎದೆ ಸೀಳಿ ಲೋಹದ ಕವಾಟ ಹಾಕಬೇಕಾಯಿತು. ಆಪರೇಷನ್ ಆದದ್ದು ಗೊತ್ತಾದ ಮೇಲೆ ಮದುವೆಗೆ ನೋಡಲು ಬಂದವರು ಚಹಾ ಕೂಡ ಮುಗಿಸದೆ ಎದ್ದು ಹೋದರಂತೆ. ಅದನ್ನು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

"ನಮ್ಮವ್ವಗ ಸೂಜಿ ಐತಿ ಅಂತ ಯಾರೂ ಹೇಳಲಿಲ್ಲ. ನಿಮ್ಮ ಮನ್ಯಾಗ ನಾ ಹೇಳೇನಿ. ನಿನಗೂ ನನಗೂ ಅಷ್ಟ ಫರಕ," ಎಂದರು.

ಪಿಯುಸಿ ಮುಗಿಯಿತು. ನನಗೆ ಗಂಡು ನೋಡುವ ಮಾತು ಬಂತು. ಆಯಿ ಅಪ್ಪನನ್ನು ಕರೆದು ಕೂಡಿಸಿದಳು. "ಹುಡಗಿ ಈಗ ಖಡಕ್ ಐತಿ. ಸೂಜಿ ಸಾಕ ಮಾಡು. ಸಂತಿಗೊಮ್ಮೆ ದವಾಖಾನಿಗೆ ಹೊಂಟ್ರ ಬೀಗರ ಕಿವಿಗೆ ಬೀಳೂದಿಲ್ಲೇನು? ಯಾರ ಮಾಡ್ಕೋತಾರ?" ಅಪ್ಪ ಸಕ್ಕರೆ ಕಾರಖಾನೆಯವರೊಂದಿಗೆ ಜಗಳಾಡಿ ಬರುವ ಗಂಡಸು, ಆಯಿಯ ಮುಂದೆ ಮಾತ್ರ ಬಾಯಿಲ್ಲ. ಮೂರನೇ ಸಂತೆ ಬಂತು, ಹೋಯಿತು. ನನ್ನನ್ನು ಯಾರೂ ನಿಪ್ಪಾಣಿಗೆ ಕಳಿಸಲಿಲ್ಲ. ಆ ರಾತ್ರಿಯೇ ನನಗೆ ಗಂಟಲು ಕೆರೆಯತೊಡಗಿತು. ನಿಜ ಹೇಳಬೇಕೆಂದರೆ ನಾನು ಸಾಯುತ್ತೇನೆ ಅಂತಲೇ ಅಂದುಕೊಂಡೆ. ಉಗುಳು ನುಂಗುವಾಗೆಲ್ಲ ಟೇಬಲ್ಲಿನ ಮೇಲೆ ತೊಟ್ಟಿಕ್ಕಿದ ಆ ನೀರೇ ಕಣ್ಣಿಗೆ ಬರುತ್ತಿತ್ತು.

ಬಸ್ ಸ್ಟಾಪಿನಲ್ಲಿ ಕಾದು ಕಾದು ಒಬ್ಬರೇ ನಿಪ್ಪಾಣಿಗೆ ಹೋಗಿ ಬಂದಿದ್ದ ಅಕ್ಕೋರು ಮರುದಿನ ಬೆಳಿಗ್ಗೆ ನಮ್ಮ ಕಟ್ಟೆಯ ಮುಂದೆ ನಿಂತಿದ್ದರು. ಆಯಿ ಜೋಳ ಹಸನು ಮಾಡುತ್ತಿದ್ದಳು. ಸೂಜಿ ಯಾಕೆ ತಪ್ಪಿತು ಎಂದು ಅವರು ಜೋರಾಗಿ ಕೇಳಿದ್ದಕ್ಕೆ, ಮೊರದಿಂದ ತಲೆಯೆತ್ತದೆ, "ಎಲಿಯಿಂದ ನೋವು ಹೋತಲ್ರಿ ಅಕ್ಕೋರ. ಈಗೇನೈತಿ ಆಕಿಗೆ?" ಎಂದಳು.

"ನಮ್ಮವ್ವನೂ ನನಗ ಎಲಿ ಕಟ್ಟಿದ್ಳರಿ ಆಯಿ. ನನಗೂ ನೋವು ಹೋತು. ಏನ ಉಳೀತು ಕೇಳ್ರಿ ಇಲ್ಲೆ."

ಆಯಿಗೆ ಕಿವಿ ಮಂದ. ನಮಗೆಲ್ಲ ಕೇಳುವ ಸದ್ದು ಅವಳಿಗೆ ಕೇಳುವಂತಿರಲಿಲ್ಲ. ಕೇಳಬೇಕೆಂದರೆ ಎದೆಗೇ ಕಿವಿ ಹಚ್ಚಬೇಕು. ಅಕ್ಕೋರು ಕಟ್ಟೆ ಹತ್ತಿ ಅವಳ ಮುಂದೆ ಕೂತರು, ಸೆರಗು ಸರಿಸಿ ಕುಪ್ಪಸದ ಮೇಲಿನ ಗುಂಡಿ ಬಿಚ್ಚಿದರು. ಕುತ್ತಿಗೆಯ ಕೆಳಗಿನಿಂದ ನೆಟ್ಟಗೆ ಇಳಿದ ಹೊಲಿಗೆಯ ಗುರುತು. ಅಪ್ಪ ಒಳಗೆ ಸರಿದ. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆ ಹೆಂಗಸಿನ ನೆರಳು ತಾಗಿದರೂ ಮೈಮೇಲೆ ನೀರು ಹಾಕಿಕೊಳ್ಳುವ ನಮ್ಮ ಆಯಿ... ನನ್ನ ಕಡೆ ಒಮ್ಮೆ ನೋಡಿದಳು. ಮೊರ ಪಕ್ಕಕ್ಕಿಟ್ಟು, ಸೆರಗು ಕಿವಿಯ ಹಿಂದೆ ಸರಿಸಿ, ತನ್ನ ತಲೆಯನ್ನು ಅಕ್ಕೋರ ಎದೆಗೆ ಹಚ್ಚಿದಳು.

ಕೇಳಿದಳು. ಬಹಳ ಹೊತ್ತು ಕೇಳಿದಳು. ಅಕ್ಕೋರು ಕೈ ಎಲ್ಲಿಡಬೇಕೆಂದು ತಿಳಿಯದೆ ಎರಡೂ ಬದಿಗೆ ನೆಲಕ್ಕೆ ಊರಿದ್ದರು.

"ನಿಮ್ಮವ್ವ ಅದಾಳೇನ?" ಎಂದಳು ಆಯಿ, ತಲೆಯೆತ್ತಿ.

"ಇಲ್ರಿ. ನನ್ನ ಆಪರೇಶನ್ನಿಗಿಂತ ಮೊದಲ ಹೋದ್ಳು. ಎಲಿ ಬರೋಬ್ಬರಿ ಕಟ್ಟಲಿಲ್ಲಂತ ಕಡೀತನಾ ತನ್ನನ್ನ ತಾನ ಬೈಕೊಂಡ್ಳು."

ಆಯಿ ಎದ್ದು ಒಳಗೆ ಹೋಗಿ, "ಬಸ್ಸಿನ ಹಾದಿ ಕಾಯಬ್ಯಾಡ, ಈಗ ಗಾಡಿ ಮ್ಯಾಲ ಕರಕೊಂಡ ಹೋಗು" ಎಂದು ಅಪ್ಪನ ಮೇಲೆ ಕೂಗಾಡಿದಳು, ಸೂಜಿ ತಪ್ಪಿಸಿದ್ದು ಅವನೇ ಎಂಬಂತೆ. ಅಂದೇ ಸೂಜಿ ಆಯಿತು, ಆ ಗಂಟಲು ನೋವು ಗಂಟಲಲ್ಲೇ ಮುಗಿಯಿತು.

ಅಂದಿನಿಂದ ಆಯಿ ಬದಲಾದಳು ಎಂದರೆ ಸುಳ್ಳಾದೀತು. ಅಕ್ಕೋರು ಹೋದ ಮೇಲೆ ಅವಳು ಸ್ನಾನ ಮಾಡಿದಳು. ಕಪ್ಪು ಬೇರೆಯೇ ಉಳಿಯಿತು. ಆದರೆ ಮೂರನೇ ಸಂತೆ ಬಂದರೆ ಎಲ್ಲರಿಗಿಂತ ಮೊದಲು ಎದ್ದು ನನ್ನನ್ನು ಎಬ್ಬಿಸುವವಳು ಅವಳೇ ಆದಳು. ಮನುಷ್ಯರು ಇಷ್ಟಿಷ್ಟೇ ಸರಿಯುತ್ತಾರೆ. ಅಕ್ಕೋರಿಗೆ ಅದರಿಂದ ನೋವಾಗಿತ್ತೇ ಎಂದು ಕೇಳುವ ಧೈರ್ಯ ನನಗೆ ಬರಲೇ ಇಲ್ಲ.

ಮದುವೆಯ ವಿಷಯದಲ್ಲೂ ಅಕ್ಕೋರು ಪಟ್ಟು ಬಿಡಲಿಲ್ಲ. ಮುಚ್ಚಿಟ್ಟು ಕೊಟ್ಟರೆ ಅಲ್ಲಿ ಸೂಜಿ ಮಾಡಿಸುವವರು ಯಾರು ಎಂದು ಅಪ್ಪನನ್ನು ಕೇಳಿದರು. ಹೇಳಿದ್ದಕ್ಕೆ ಒಂದು ಸಂಬಂಧ ಮುರಿಯಿತು. ಐಗಳಿಯವರು ಮಾತ್ರ ಎದ್ದು ಹೋಗಲಿಲ್ಲ. "ಅಥಣಿಯೊಳಗ ಆ ಸೂಜಿ ಸಿಗತೈತೇನ್ರಿ?" ಎಂದಷ್ಟೇ ಕೇಳಿದ ಹುಡುಗ ಈಗ ನನ್ನ ಗಂಡ. ಮಗಳು ಹುಟ್ಟುವಾಗ ಡಾಕ್ಟರು ಸ್ವಲ್ಪ ಆತಂಕದಲ್ಲಿದ್ದರು. ನನ್ನ ಕವಾಟ ತಡೆದುಕೊಂಡಿತು.

ಅಷ್ಟರಲ್ಲಿ ಅಕ್ಕೋರಿಗೆ ರಾಯಬಾಗಕ್ಕೆ ವರ್ಗವಾಗಿತ್ತು. ಪ್ರತಿ ಮೂರನೇ ಸಂತೆಯ ಸಂಜೆ ಫೋನು ಬರುತ್ತಿತ್ತು. ಹಲೋ ಇಲ್ಲ, ಹೇಗಿದ್ದೀ ಇಲ್ಲ. "ಸೂಜಿ ಆತೇನ?" ಆತ್ರಿ ಎಂದ ಮೇಲೆಯೇ ಮಗಳು, ದ್ರಾಕ್ಷಿ, ಮಳೆಯ ಮಾತು. ಹೊಟ್ಟೆಯಲ್ಲಿ ಹುಟ್ಟದಿದ್ದರೂ ನನಗೊಬ್ಬ ಮಗಳಿದ್ದಾಳೆ ಎಂದು ತಮ್ಮ ಜೊತೆಯ ಮಾಸ್ತರರಿಗೆ ನನ್ನ ಬಗ್ಗೆ ಹೇಳಿದ್ದರಂತೆ. ಅದು ನನಗೆ ತಿಳಿದದ್ದು ಅವರು ಹೋದ ಮೇಲೆ.

ಒಂದು ಸಂತೆಗೆ ಫೋನು ಬರಲಿಲ್ಲ. ನಾನೇ ಮಾಡಿದಾಗ ಬೇರೆ ಯಾರೋ ಎತ್ತಿದರು. ಮೆದುಳಿನಲ್ಲಿ ರಕ್ತಸ್ರಾವ. ಲೋಹದ ಬಾಗಿಲು ಕೆಟ್ಟಿರಲಿಲ್ಲವಂತೆ. ರಕ್ತ ಹೆಪ್ಪುಗಟ್ಟದಿರಲೆಂದು ಜೀವನವಿಡೀ ನುಂಗಿದ ಗುಳಿಗೆ, ರಕ್ತ ನಿಲ್ಲಬೇಕಾದಾಗ ನಿಲ್ಲಗೊಡಲಿಲ್ಲ. ರಾಯಬಾಗಕ್ಕೆ ಹೋದೆ. ಬುದ್ಧವಂದನೆ ನಡೆಯುತ್ತಿತ್ತು, ಅವರು ಕಲಿಸಿದ ಮಕ್ಕಳು ಬಿಳಿ ಬಟ್ಟೆಯಲ್ಲಿ ಸಾಲಾಗಿ ಕೂತಿದ್ದರು. ನನಗೆ ಅಳು ಬರಲಿಲ್ಲ. ಸಿಟ್ಟು ಬಂದಿತ್ತು. ನನ್ನನ್ನು ಉಳಿಸಿದ ಸೂಜಿ ಅವರ ಕಾಲಕ್ಕೂ ಇತ್ತು. ಅವರ ಕೇರಿಗೆ ಮಾತ್ರ ಯಾರೂ ತಂದು ಹೇಳಿರಲಿಲ್ಲ. ಆ ಸಿಟ್ಟು ಇನ್ನೂ ಇದೆ.

ಅವರು ಹೋದ ಮೇಲೂ ನಾನು ಒಂದು ಸೂಜಿಯನ್ನೂ ತಪ್ಪಿಸಲಿಲ್ಲ. ಈ ವರ್ಷ ದ್ರಾಕ್ಷಿ ಇಳಿದ ಮೇಲೆ ಮೀರಜಿಗೆ ಹೋಗಿ ಮತ್ತೆ ಪರೀಕ್ಷೆ ಮಾಡಿಸಿದೆವು. ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಕವಾಟ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಮುಂದೆ ಹೋಗುವ ರಕ್ತ ಒಂದು ಬಣ್ಣ. ಹಿಂದೆ ಸೋರುವುದು ಇನ್ನೊಂದು, ದಾರದಷ್ಟು. ಚಿಕ್ಕಂದಿನಲ್ಲಿ ಇದ್ದಷ್ಟೇ ಇದೆ, ಬೆಳೆದಿಲ್ಲ ಎಂದರು. ನಿಮಗೆ ಈಗ ನಲವತ್ತು ದಾಟಿದೆ, ಇನ್ನು ಸೂಜಿ ಸಾಕು ಎಂದರು.

ಹೊರಗೆ ಬಂದೆವು. ನನ್ನ ಗಂಡನಿಗೆ ನಮ್ಮ ಮದುವೆಯ ದಿನಕ್ಕಿಂತ ಹೆಚ್ಚಿನ ಖುಷಿ. ಜೇಬಿನಿಂದ ಫೋನು ತೆಗೆದು ನನ್ನ ಕೈಯಲ್ಲಿಟ್ಟು, "ಮೊದಲ ಯಾರಿಗೆ ಹೇಳೂಣು, ನೀನ ಹಚ್ಚು" ಎಂದ.

ಹೇಳಬೇಕಾದವರು ಒಬ್ಬರೇ ಇದ್ದರು. ಇಷ್ಟು ವರ್ಷ ಪ್ರತಿ ಮೂರನೇ ಸಂತೆಗೆ ನಾನು ಅವರ ಮಾತು ನಡೆಸುತ್ತಿದ್ದೆ, ಹಾಗಾಗಿ ಅವರು ಪೂರ್ತಿ ಹೋಗಿದ್ದಾರೆ ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ಆ ಕೆಲಸವೂ ಮುಗಿಯಿತು. ಫೋನು ಹಿಡಿದುಕೊಂಡು, ಆಸ್ಪತ್ರೆಯ ಬಾಗಿಲಲ್ಲಿ, ಹೋಗಿಬರುವ ಜನರ ನಡುವೆ ನಿಂತು, ರಾಯಬಾಗದಲ್ಲಿ ಬಾರದ ಅಳುವನ್ನೆಲ್ಲ ಅತ್ತೆ.